ಏಪ್ರನ್ ಕಟ್ಟಿಕೊಂಡ ಭಾವ

ಮುದ್ದೆ ನುಂಗುವಾಗ ಭಾವನ ಗಂಟಲ ಗಂಟು ಮೇಲಕ್ಕೆ ಹೋಗಿ, ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಬೆರಳುಗಳು ಸಾರಿನಲ್ಲಿ ಅದ್ದಿದ್ದರೂ ಅಂಗೈಗೆ ಒಂದು ತೊಟ್ಟು ತಾಗುತ್ತಿರಲಿಲ್ಲ. ಮೈಸೂರಿನ ನಮ್ಮ ಮೆಸ್ಸಿಗೆ ಬರುತ್ತಿದ್ದ ಬೇರೆ ಊರಿನ ಹುಡುಗರು ಮುದ್ದೆಯನ್ನು ಅಗಿದು ಹಲ್ಲಿಗೆ ಮೆತ್ತಿಕೊಂಡು ಒದ್ದಾಡುತ್ತಿರುವಾಗ, ಆಫ್ರಿಕಾದಿಂದ ಲಾ ಓದಲು ಬಂದಿದ್ದ ಅವರು ಎರಡು ಮುಗಿಸಿ ಮೂರನೆಯದಕ್ಕೆ ತಟ್ಟೆ ಒಡ್ಡುತ್ತಿದ್ದರು.

"ನಮ್ಮೂರಲ್ಲೂ ಇದೇ ತಿನ್ನೋದು ಕಣೋ, ಬಿಳಿ ಜೋಳದ ಹಿಟ್ಟಿಂದು. ನೀವು ರಾಗಿ ಹಾಕಿ ಬಣ್ಣ ಕೆಡಿಸಿಟ್ಟಿದೀರಿ."

ಕನ್ನಡವನ್ನು ಅವರು ಕಲಿತದ್ದು ನಮ್ಮ ಮೆಸ್ಸಿನ ಬೆಂಚಿನ ಮೇಲೆ ಕೂತು. ಮೊದಲು ಬೈಗುಳ, ಆಮೇಲೆ ಲೆಕ್ಕ, ಆಮೇಲೆ ಉಳಿದದ್ದೆಲ್ಲ. ಬಡಿಸುತ್ತಿದ್ದವಳು ನನ್ನ ಅಕ್ಕ. ಹಾಗಾಗಿ ಉಳಿದದ್ದನ್ನು ಬಹಳ ಬೇಗ ಕಲಿತರು.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ದಿನ ಅಪ್ಪ ಸಾರಿನ ಸೌಟಿನಿಂದಲೇ ಹೊಡೆಯಲು ಬಂದರು. ಊಟಕ್ಕೆ ಕೂತಿದ್ದ ಇವರು ಎಂಜಲು ಕೈಯಲ್ಲೇ ಎದ್ದು ಅಡ್ಡ ನಿಂತರು. "ಹೊಡೀಬೇಡಿ ಸಾರ್. ಇವನು ಮಾಡಿದ ಸಾರು ಉಂಡೇ ನಾನು ಪಾಸಾಗಿರೋದು. ಇವನು ಫೇಲು ಅಂದ್ರೆ ನಾನೂ ಫೇಲು." ಮೆಸ್ಸಿನಲ್ಲಿದ್ದವರೆಲ್ಲ ನಕ್ಕರು, ಅಪ್ಪನೂ ನಕ್ಕುಬಿಟ್ಟರು. ಮಾರನೆಯ ವಾರ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಡುಗೆ ತರಬೇತಿ ಕೊಡುವ ಒಂದು ಸಂಸ್ಥೆಗೆ ಕರೆದುಕೊಂಡು ಹೋದರು. ಅಲ್ಲಿನ ಪ್ರಿನ್ಸಿಪಾಲರ ಹತ್ತಿರ ಇಂಗ್ಲಿಷಿನಲ್ಲಿ ಅದೇನು ಮಾತಾಡಿದರೋ, ನನಗೆ ಸೀಟು ಸಿಕ್ಕಿತು. ಅಲ್ಲಿ ಸಿಕ್ಕ ಸರ್ಟಿಫಿಕೇಟನ್ನು ಹಿಡಿದುಕೊಂಡೇ ನಾನು ಮುಂದೆ ಸಿಡ್ನಿಗೆ ಅಡುಗೆಯವನಾಗಿ ಹೋದದ್ದು, ಅಲ್ಲಿಂದ ಮೆಲ್ಬರ್ನಿಗೆ ಬಂದದ್ದು. ನಾನು ಇವತ್ತು ತಿನ್ನುವ ಅನ್ನದ ಮೊದಲ ಅಕ್ಕಿ ಅವರದು.

ಅಕ್ಕ ಅವರನ್ನು ಮದುವೆಯಾದಾಗ ಅಪ್ಪ ಇಬ್ಬರಿಗೂ ಬಾಗಿಲು ಹಾಕಿದರು. ನಮ್ಮಲ್ಲಿ ಮದುವೆಯಾದ ವರ್ಷ ಅಳಿಯನನ್ನು ದೀಪಾವಳಿಗೆ ಕರೆಯಲೇಬೇಕು. ಎಣ್ಣೆ ಹಚ್ಚಿ ನೀರು ಹಾಕಿ, ಹೊಸ ಬಟ್ಟೆ ಕೊಟ್ಟು ಉಣ್ಣಿಸಬೇಕು. ಕರೆಯದೆ ಅಳಿಯ ಮಾವನ ಮನೆಗೆ ಕಾಲಿಡುವುದಿಲ್ಲ. ಅಪ್ಪ ಕರೆಯಲಿಲ್ಲ. ಇಬ್ಬರೂ ಅವರ ದೇಶಕ್ಕೆ ಹೊರಟುಹೋದರು. ಅಪ್ಪ ತೀರಿಕೊಂಡ ಮೇಲೂ ಭಾವ ಫೋನು ಮಾಡಿದಾಗಲೆಲ್ಲ ಒಂದು ಮಾತು ತಪ್ಪಿಸುತ್ತಿರಲಿಲ್ಲ. "ನನ್ನ ಮೊದಲನೇ ದೀಪಾವಳಿ ಇನ್ನೂ ಬಾಕಿ ಇದೆ ಕಣೋ. ತಲೇಲಿ ಕೂದಲಿರುವಾಗ ಎಣ್ಣೆ ಹಚ್ಚಿಸಿಬಿಡು."

ಆ ದೇಶದ ಹೆಸರು ನಾನು ಬರೆಯುವುದಿಲ್ಲ. ಅಕ್ಕ ಇನ್ನೂ ಅಲ್ಲೇ ಇದ್ದಾಳೆ.

ಭಾವ ಅಲ್ಲಿ ವಕೀಲರಾದರು, ಆಮೇಲೆ ಪಾರ್ಲಿಮೆಂಟಿಗೆ ಗೆದ್ದರು. ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಬರುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಏನಾದರೂ ಮುಚ್ಚಿಟ್ಟುಕೊಂಡು ಓಡಾಡಿದರೆ ತಲೆಯ ಮೇಲೆ ಮೊಟಕಿ, "ಹೇಳ್ಬಿಡಪ್ಪ, ಹೊಟ್ಟೇಲಿಟ್ಕೊಂಡು ಯಾಕೆ ಹುಳಿ ಬರಿಸ್ತೀಯ" ಎನ್ನುತ್ತಿದ್ದರು. ಪಾರ್ಲಿಮೆಂಟಿನಲ್ಲೂ ಅವರು ಹಾಗೇ ಇದ್ದರು. ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾದ ಔಷಧಿ ಯಾವ ಮಂತ್ರಿಯ ಗೋದಾಮಿಗೆ ಹೋಗುತ್ತಿದೆ ಎಂದು ಎದ್ದು ನಿಂತು ಹೆಸರು ಹಿಡಿದು ಕೇಳಿದರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು.

ಎರಡು ಸಾವಿರದ ಒಂಬತ್ತರಲ್ಲಿ, ನವರಾತ್ರಿಯ ಹೊತ್ತಿಗೆ, ಅಕ್ಕನ ಫೋನು ಬಂತು. ನಾನು ಮೆಲ್ಬರ್ನಿನ ರೆಸ್ಟೋರೆಂಟಿನ ಹಿಂಬಾಗಿಲಲ್ಲಿ ನಿಂತು ಈರುಳ್ಳಿ ಮೂಟೆ ಇಳಿಸಿಕೊಳ್ಳುತ್ತಿದ್ದೆ.

"ನಾಯಿಗೆ ವಿಷ ಹಾಕಿದಾರೆ ಕಣೋ. ವಾಚ್‌ಮನ್ ಕೆಲಸ ಬಿಟ್ಟು ಹೋದ. ಇವರು ನೋಡಿದ್ರೆ ಇನ್ನೊಂದು ನಾಯಿ ತರೋಣ ಅಂತಾರೆ."

ಅವಳು ಅಳುತ್ತಿರಲಿಲ್ಲ. ಒಂದೊಂದೇ ಮಾತನ್ನು ಎಣಿಸಿಡುವವಳಂತೆ ಹೇಳಿದಳು. ಬೇರೆ ಬೇರೆ ದೇಶದ ಎಂಪಿಗಳ ಒಂದು ಸಭೆಗೆ ಭಾವ ಸಿಡ್ನಿಗೆ ಬರುತ್ತಿದ್ದಾರೆ. ಹೋಗಿ ಕರೆದುಕೊಂಡು ಬಾ. ವಾಪಸ್ ಕಳಿಸಬೇಡ.

"ಅವರಾಗಿ ಕೇಳಲ್ಲ. ನಾನು ಇಲ್ಲಿಂದ ಹೇಳಿದ್ರೆ ಹೆದರಿಕೊಂಡಿದೀಯ ಅಂತ ಬೈತಾರೆ. ನೀನು ಕರೀಬೇಕು. 'ಭಾವ, ನಮ್ಮನೇಲಿ ಇರಿ' ಅನ್ನು, ಅಷ್ಟೇ. ತವರಿನೋರು ಅಂತ ಒಬ್ಬರು ಬಾಯಿಬಿಟ್ಟು ಕರೆದ್ರೆ ಅವರು ಇಲ್ಲ ಅನ್ನಲ್ಲ ಕಣೋ. ಇಷ್ಟು ವರ್ಷ ಅದಕ್ಕೇ ಕಾದಿದಾರೆ. ಇದ್ದುಕೊಂಡು ಅಲ್ಲಿ ಆಶ್ರಯಕ್ಕೆ ಅರ್ಜಿ ಹಾಕಲಿ, ನಾನು ಹಿಂದಿನಿಂದ ಬರ್ತೀನಿ."

"ಆಯ್ತು ಅಕ್ಕ" ಎಂದೆ.

ಆಗ ನನ್ನ ಪಿಆರ್ ಅರ್ಜಿ, ಅಂದರೆ ಇಲ್ಲೇ ಕಾಯಂ ನೆಲೆಸಲು ಕೇಳಿದ ಅನುಮತಿ, ಸರ್ಕಾರದ ಮುಂದಿತ್ತು. ಸ್ಪಾನ್ಸರ್ ಮಾಡಿದ್ದವರು ನಮ್ಮ ರೆಸ್ಟೋರೆಂಟಿನ ಓನರ್, ದಾವಣಗೆರೆ ಕಡೆಯವರು. ನಾನು ಬಾಡಿಗೆಗಿದ್ದದ್ದೂ ಅವರ ಮನೆಯ ಹಿಂದಿನ ರೂಮಿನಲ್ಲೇ. ಪಿಆರ್‌ಗೆ ಕಾಯುವವರ ನಡುವೆ ಆಗ ಒಂದು ಭಯ ಓಡಾಡುತ್ತಿತ್ತು. ಆಶ್ರಯ ಕೇಳಿದವರನ್ನು ಮನೆಯಲ್ಲಿ ಇಟ್ಟುಕೊಂಡರೆ ನಮ್ಮ ಅರ್ಜಿಯೂ ಮೂಲೆ ಸೇರುತ್ತದೆ ಎಂದು. ಯಾರು ಹೇಳಿದರು, ಯಾರಿಗೆ ಹಾಗಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಅತಿಥಿಯೊಬ್ಬರು ಬರಬಹುದು ಎಂದು ಓನರ್ ಹತ್ತಿರ ಮೆಲ್ಲಗೆ ಬಾಯಿಬಿಟ್ಟೆ.

"ಯಾವ ದೇಶದೋನು?"

ಹೇಳಿದೆ.

"ಲೇಯ್, ನಿನಗೇನ್ ತಲೆ ಕೆಟ್ಟೈತೇನು? ಪಿಆರ್ ಬರೋಮಟ ಯಾವ ತಲೆಹರಟಿನೂ ಬ್ಯಾಡ. ಇಮಿಗ್ರೇಶನ್‌ನೋರು ಬಂದ್ರೆ ಮೊದ್ಲು ನನ್ನ ಬಾಗಿಲು ತಟ್ತಾರೆ. ಎರಡು ದಿನ ಅಂದ್ರೆ ಎರಡೇ ದಿನ."

ಅವರು ನನ್ನ ಭಾವ ಎಂದು ನಾನು ಹೇಳಲಿಲ್ಲ. ಫ್ರೆಂಡ್ ಎಂದೆ.

ಸಿಡ್ನಿಗೆ ನನ್ನ ಹಳೆಯ ಕಾರಿನಲ್ಲೇ ಹೋದೆ. ನಾರ್ತ್ ಸಿಡ್ನಿಯ ಹೋಟೆಲಿನ ಮುಂದೆ ಭಾವ ಸೂಟು ಹಾಕಿಕೊಂಡು, ಕೈಯಲ್ಲಿ ಒಂದು ಪುಟ್ಟ ಬ್ಯಾಗು ಹಿಡಿದು ನಿಂತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡವರೇ ಬೀದಿಯ ಜನ ತಿರುಗಿ ನೋಡುವಷ್ಟು ಜೋರಾಗಿ, "ಏನೋ ಭಟ್ಟ, ಹೊಟ್ಟೆ ಬಂದಿದೆ!" ಎಂದು ಕೂಗಿದರು. ತಬ್ಬಿಕೊಂಡರು. ಅವರ ಕೋಟಿನಲ್ಲಿ ಅಕ್ಕನ ಕೈಯ ಕೊಬ್ಬರಿ ಎಣ್ಣೆಯ ವಾಸನೆ ಇತ್ತು.

ಸಿಡ್ನಿಯಿಂದ ಮೆಲ್ಬರ್ನಿಗೆ ಕಾರಿನಲ್ಲಿ ಇಡೀ ಹಗಲಿನ ದಾರಿ. ಒಂದು ವಾಕ್ಯ ಹೇಳಲು ಅಷ್ಟು ಸಮಯ ಯಾರಿಗೂ ಸಿಗಲಾರದು. ಗೌಲ್ಬರ್ನ್ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ಗಂಡಗೈಯಲ್ಲಿ ಮಾಂಸ ತುಂಬಿದ ಪೈ ತಿನ್ನಲು ನಿಲ್ಲಿಸಿದಾಗ ಹೇಳೋಣ ಎಂದುಕೊಂಡೆ. ಭಾವ ಪೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಮಾಡಿದೋನಿಗೆ ನಿಮ್ಮಪ್ಪನ ಸೌಟಿನ ಏಟು ಬೀಳ್ಬೇಕಿತ್ತು" ಎಂದರು. ನಾಯಿಯ ವಿಷಯವನ್ನು ಅವರೇ ತೆಗೆದರು. ಒಳ್ಳೆಯ ನಾಯಿ, ಮುದ್ದೆ ತಿನ್ನುತ್ತಿತ್ತು ಎಂದರು.

ಆಲ್ಬರಿ ಹತ್ತಿರ ಬರುವಾಗ ಮೆಲ್ಲಗೆ ಕೇಳಿದರು, "ದೀಪಾವಳಿ ಯಾವಾಗ ಬಿತ್ತೋ ಈ ಸಲ?"

"ಇನ್ನು ಮೂರು ವಾರ ಭಾವ."

"ಹೂಂ. ಮೂರು ವಾರ."

ಅವರು ಏನು ಕೇಳುತ್ತಿದ್ದಾರೆಂದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಸುಳ್ಳು ಹೇಳಿದರೆ ಇದನ್ನು ಬರೆದು ಪ್ರಯೋಜನವಿಲ್ಲ. ನಾನು ಕೈ ಚಾಚಿ ರೇಡಿಯೋ ಹಾಕಿದೆ.

ಮಾರನೆಯ ದಿನ ವಿಜಯದಶಮಿ. ಮೆಲ್ಬರ್ನಿನ ಹೊರವಲಯದ ಟಾರ್ನೀಟಿನಲ್ಲಿ ಓನರ್ ಕಟ್ಟಿಸಿದ್ದ ಹೊಸ ಮನೆಯ ಗೃಹಪ್ರವೇಶ. ಅಡುಗೆ ನನ್ನದು. ಭಾವನನ್ನು ರೂಮಿನಲ್ಲಿ ಒಬ್ಬರೇ ಬಿಟ್ಟು ಹೋಗಲಾಗದೆ ಜೊತೆಗೆ ಕರೆದುಕೊಂಡು ಹೋದೆ. ಒಳಗೆ ಹೋಮದ ಹೊಗೆಗೆ ಸೂರಿನ ಬೆಂಕಿ ಅಲಾರಂ ಹೊಡೆದುಕೊಳ್ಳಬಾರದೆಂದು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು. ಹಸುವಿನ ಬದಲು ಬೆಳ್ಳಿಯ ಹಸು ಒಳಗೆ ಬಂತು. ಭಾವ ಗ್ಯಾರೇಜಿನ ಬಾಗಿಲಿನಿಂದ ಇದನ್ನೆಲ್ಲ ಇಣುಕಿ ನೋಡುತ್ತಾ ಖುಷಿಯಲ್ಲಿದ್ದರು. ನಾನು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಹಚ್ಚಿ ಬಿಸಿಬೇಳೆಬಾತ್ ತಿರುವುತ್ತಿದ್ದೆ. ಅವರು ಪಕ್ಕದಲ್ಲಿ ಕೂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ, "ಅಳಿಯನ ಕೈಲಿ ಕೆಲಸ ಮಾಡಿಸ್ತೀಯಲ್ಲೋ" ಎಂದು ರೇಗಿಸುತ್ತಿದ್ದರು.

ಆಗ ಓನರ್ ಇಬ್ಬರು ನೆಂಟರ ಜೊತೆ ಒಳಗೆ ಬಂದರು. ಹಿಂದಿನ ರಾತ್ರಿ ನಾವು ತಡವಾಗಿ ಬಂದದ್ದರಿಂದ ಅವರು ಭಾವನನ್ನು ಕಂಡಿರಲಿಲ್ಲ; ಈಗ ಮೇಲಿಂದ ಕೆಳಗಿನವರೆಗೆ ನೋಡಿದರು.

"ಯಾರೋ ಇವ?"

ಎದುರಿಗೆ ನೆಂಟರು. ಒಳಗೆ ಅಷ್ಟು ಜನ ಕನ್ನಡದವರು. ನನ್ನ ಅರ್ಜಿ. ಅಕ್ಕನ ಮದುವೆಯ ಸುದ್ದಿಯನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದದ್ದು. ಸೌಟು ಕೆಳಗಿಡದೆಯೇ ಹೇಳಿದೆ.

"ಆ ಫ್ರೆಂಡ್ ಬರಲಿಲ್ಲ ಸರ್. ಇವನನ್ನ ಪಾತ್ರೆ ತೊಳೆಯೋಕೆ ಕರ್ಕೊಂಡ್ ಬಂದೆ. ದಿನಗೂಲಿ ಕ್ಯಾಶ್ ಕೆಲಸದೋನು. ಕನ್ನಡ ಬರಲ್ಲ ಇವನಿಗೆ."

ಚಾಕು ಸೌತೆಕಾಯಿಯ ಮೇಲೆ ನಿಂತಿತು. ಭಾವ ನನ್ನ ಮುಖ ನೋಡಿದರು. ಒಂದು ದೇಶದ ಪಾರ್ಲಿಮೆಂಟಿನಲ್ಲಿ ಮಂತ್ರಿಯನ್ನು ಎದುರಿಗೇ ಪ್ರಶ್ನೆ ಕೇಳಿದವರು. ಬಾಯಿ ತೆರೆದು ಒಂದು ಮಾತು ಕನ್ನಡದಲ್ಲಿ ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಅವರು ಎದ್ದರು, ಮೊಳೆಗೆ ನೇತುಹಾಕಿದ್ದ ನನ್ನ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. "ಯೆಸ್ ಬಾಸ್" ಎಂದರು.

ಆಮೇಲೆ ಊಟ ಮುಗಿಯುವವರೆಗೂ ಅವರಿಗೆ ಕನ್ನಡ ಬರಲಿಲ್ಲ.

ಬಡಿಸಲು ಕೈ ಸಾಲದೆ ಯಾರೋ ಅವರ ಕೈಗೆ ಪಾಯಸದ ಪಾತ್ರೆ ಕೊಟ್ಟರು. ರೇಷ್ಮೆ ಸೀರೆಯ ಆಂಟಿಯೊಬ್ಬರು ಅಲ್ಲಿಂದಲೇ, "ಅಯ್ಯೋ, ಅವನ ಕೈಲಿ ಪಾಯಸ ಬೇಡಪ್ಪಾ, ಬೇಕಾದ್ರೆ ನೀರು ಕೊಡಲಿ ಬಿಡಿ" ಎಂದರು. ನಗುನಗುತ್ತಲೇ ಅಂದರು, ಅವನಿಗೇನು ತಿಳಿಯುತ್ತದೆ ಎಂದು. ಯಾರೂ ಅನುವಾದ ಮಾಡುವ ಮೊದಲೇ ಭಾವ ಪಾಯಸ ಕೆಳಗಿಟ್ಟು ನೀರಿನ ಜಗ್ಗು ಎತ್ತಿಕೊಂಡದ್ದನ್ನು ನಾನೊಬ್ಬನೇ ಗಮನಿಸಿದೆ. ಆ ವರ್ಷ ಮೆಲ್ಬರ್ನಿನ ರೈಲುಗಳಲ್ಲಿ ನಮ್ಮ ಹುಡುಗರಿಗೆ ಹೊಡೆದ ಸುದ್ದಿ ಎಲ್ಲರ ಬಾಯಲ್ಲಿತ್ತು. ಗಂಡಸರ ಸಾಲಿನಲ್ಲಿ ಅದೇ ಮಾತು. "ಬಣ್ಣ ನೋಡಿ ಹೊಡೀತಾರಲ್ರೀ, ನಾವೇನು ಮನುಷ್ಯರಲ್ವಾ? ಕೇಳೋರೇ ಇಲ್ಲ!" ಎಂದವರೊಬ್ಬರು ಮಾತು ಮುಗಿಸುತ್ತಾ, ತಿರುಗಿಯೂ ನೋಡದೆ ಭಾವನ ಕಡೆಗೆ ಖಾಲಿ ಲೋಟ ಚಾಚಿದರು. ಭಾವ ಬಗ್ಗಿ ನೀರು ತುಂಬಿದರು.

ನಾನು ಗ್ಯಾರೇಜಿನಲ್ಲಿ ನಿಂತು ಹಪ್ಪಳ ಕರಿಯುತ್ತಿದ್ದೆ. ಎಣ್ಣೆಯಲ್ಲಿ ಕೈ ಅದ್ದಿಕೊಳ್ಳಬೇಕು ಅನ್ನಿಸಿತು. ಅದ್ದಿಕೊಳ್ಳಲಿಲ್ಲ. ಇನ್ನೊಂದು ಹಪ್ಪಳ ಬಿಟ್ಟೆ.

ಅವರ ವಾಪಸ್ ಟಿಕೆಟು ಮೆಲ್ಬರ್ನಿನಿಂದ ಆ ರಾತ್ರಿಗೇ ಇತ್ತು. ಸಂಜೆ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು. "ಬಾತ್‌ಗೆ ಹುಳಿ ಸ್ವಲ್ಪ ಕಮ್ಮಿ ಆಗಿತ್ತು ಕಣೋ." ನಾನು ಅತ್ತೆ. ಕಾರು ಓಡಿಸುತ್ತಲೇ ಅತ್ತೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಟಲ್ಲಮರೀನ್ ಏರ್‌ಪೋರ್ಟಿನ ಮುಂದೆ ಬ್ಯಾಗು ಇಳಿಸಿಕೊಂಡು, "ನಿನ್ನ ಪಿಆರ್ ಬರಲಿ. ಆಮೇಲೆ ಕರಿ. ಬರ್ತೀನಿ" ಎಂದರು. ಆಗಲೂ ಹೇಳಬಹುದಿತ್ತು. ಬಾಗಿಲು ತಾನಾಗಿ ತೆರೆದುಕೊಂಡಿತು, ಅವರು ಒಳಗೆ ಹೋದರು, ಬಾಗಿಲು ಮುಚ್ಚಿಕೊಂಡಿತು. ಹಿಂದೆ ನಿಂತ ಟ್ಯಾಕ್ಸಿಯವನು ಹಾರ್ನ್ ಮಾಡಿದ. ನಾನು ಕಾರು ತೆಗೆದೆ.

ದೀಪಾವಳಿಗೆ ಮೊದಲೇ ಅದು ಆಯಿತು. ಭಾವ ಸಂಜೆ ಮನೆಗೆ ಬಂದಿದ್ದಾರೆ. ವಾಚ್‌ಮನ್ ಇಲ್ಲದ್ದರಿಂದ ಗೇಟು ತೆಗೆಯಲು ತಾವೇ ಕಾರಿನಿಂದ ಇಳಿದಿದ್ದಾರೆ. ಮೋಟಾರ್ ಸೈಕಲ್ಲಿನಲ್ಲಿ ಬಂದವರು ಗುಂಡು ಹಾರಿಸಿ ಹೋಗಿದ್ದಾರೆ. ಅಕ್ಕ ಒಳಗೆ ಒಲೆಯ ಮೇಲೆ ಎಸರಿಟ್ಟಿದ್ದಳಂತೆ. ಇಬ್ಬರನ್ನು ಹಿಡಿದರು, ಬಿಟ್ಟರು. ತನಿಖೆ ಮಾಡುತ್ತಿದ್ದ ಅಧಿಕಾರಿಯನ್ನು ಬೇರೆಲ್ಲಿಗೋ ಹಾಕಿದರು. ಯಾರು ಮಾಡಿಸಿದರು ಎಂದು ಆ ದೇಶದಲ್ಲಿ ಎಲ್ಲರಿಗೂ ಗೊತ್ತಂತೆ. ಯಾವ ಕೋರ್ಟಿಗೂ ಇವತ್ತಿನವರೆಗೆ ಗೊತ್ತಿಲ್ಲ.

ನನ್ನ ಪಿಆರ್ ಬಂತು. ಆ ಕೆಲಸ ನೋಡಿಕೊಂಡ ವಕೀಲರನ್ನು ಒಮ್ಮೆ ಕೇಳಿದೆ. ಆಶ್ರಯ ಕೇಳಿದವರು ನನ್ನ ರೂಮಿನಲ್ಲಿದ್ದಿದ್ದರೆ ಅರ್ಜಿಗೆ ತೊಂದರೆಯಾಗುತ್ತಿತ್ತೇ ಎಂದು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?" ಎಂದರು. ಅವರ ಆಫೀಸಿನಿಂದ ಹೊರಗೆ ಬಂದು ಬಾಕ್ಸ್ ಹಿಲ್‌ನ ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಎದ್ದದ್ದು ಯಾವಾಗ ಎಂದು ನೆನಪಿಲ್ಲ.

ಗುಂಡು ಹಾರಿಸಿದವರು ಯಾರೋ ನನಗೆ ಗೊತ್ತಿಲ್ಲ. ಭಾವನನ್ನು ಆ ಗೇಟಿನ ಮುಂದೆ ಇಳಿಸಿ ಬಂದವನು ಯಾರೆಂದು ಗೊತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ನುಂಗಿಕೊಂಡು ಬದುಕುತ್ತಿದ್ದೆನೇನೋ. ಆದರೆ ಭಾವ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿದ್ದರು. ಸತ್ತ ತಿಂಗಳಿಗೆ ಅಕ್ಕ ಫೋನಿನಲ್ಲಿ ಹೇಳಿದಳು. "ಬಂದ ದಿನಾನೇ ನನಗೆ ಹೇಳಿದ್ರು ಕಣೋ. 'ನಿನ್ನ ತಮ್ಮ ಕಾಲು ಹಿಡ್ಕೊಂಡು ಇರಿ ಇರಿ ಅಂದ, ದೀಪಾವಳಿ ಮಾಡ್ಕೊಂಡೇ ಹೋಗಿ ಅಂದ, ನಾನೇ ಒಪ್ಪಲಿಲ್ಲ, ಅವನನ್ನ ಬೈಬೇಡ' ಅಂತ. ಮಾವನ ಮನೆಯೋರು ಕೊನೆಗೂ ಕರೆದ್ರು ಅಂತ ಎಷ್ಟು ಹೆಮ್ಮೆ ಗೊತ್ತಾ ಅವರಿಗೆ. ನೀನು ನನ್ನ ಮಾತು ಉಳಿಸಿದೆ. ನೀನು ಕರೆದೆ ಅಲ್ವೇನೋ?"

"ಹೂಂ" ಎಂದೆ.

ಆಮೇಲೆ ಪ್ರತಿ ದೀಪಾವಳಿಗೂ ಅವಳು ಫೋನು ಮಾಡುತ್ತಾಳೆ. ಪ್ರತಿ ಸಲವೂ ಆ ಮಾತು ಬರುತ್ತದೆ. ಪ್ರತಿ ಸಲವೂ ಹೂಂ ಎನ್ನುತ್ತೇನೆ. ಎಲ್ಲವನ್ನೂ ಹೇಳಿಬಿಡುತ್ತಿದ್ದ ಆ ಮನುಷ್ಯ ತಮ್ಮ ಬದುಕಿನಲ್ಲಿ ಹೇಳಿದ್ದಿರಬಹುದಾದ ಒಂದೇ ಸುಳ್ಳು ನನಗೋಸ್ಕರ. ಅದರ ನೆರಳಿನಲ್ಲಿ ಕೂತು ಉಣ್ಣುತ್ತಿದ್ದೇನೆ. ಇನ್ನು ಉಣ್ಣಲಾರೆ.

ಅಕ್ಕ ಈಗಲೂ ಕನ್ನಡ ಓದುತ್ತಾಳೆ. ಊರಿನಿಂದ ಯಾರಾದರೂ ಕಳಿಸಿದ ಪತ್ರಿಕೆಗಳನ್ನು ಒಂದಕ್ಷರ ಬಿಡದೆ ಓದುತ್ತಾಳಂತೆ. ಅದಕ್ಕೇ ಇದನ್ನು ಇಲ್ಲಿ ಬರೆದೆ.

ಅಕ್ಕ, ನಾನು ಕರೆಯಲಿಲ್ಲ.