ಹಾಸು ಮುಗಿಯುವ ತನಕ

ಬೆಟಗೇರಿಯ ನಮ್ಮ ನೇಕಾರರ ಸಂಘದಲ್ಲಿ ಕಂಪ್ಯೂಟರಿನ ಉಸ್ತುವಾರಿ ಮೆಹನಾಜಳದು. ಗದಗ ಜಿಲ್ಲೆಯಾದ ವರ್ಷವೇ ಹುಟ್ಟಿದ ಹುಡುಗಿ. ತಂದೆ ಶೇಖಸಾಬರು ಸೀರೆಯ ದಡಿ, ಸೆರಗಿಗೆ ನಮೂನೆ ಬರೆಯುವವರು. ಚೌಕಳಿ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಒಂದೊಂದೇ ಮನೆ ತುಂಬುತ್ತ ಕಣ್ಣು ಕಳೆದುಕೊಂಡು ತೀರಿಹೋದರು. ಅವರದೂ ಅವರ ಜೊತೆಗಾರ ವಿರೂಪಾಕ್ಷಪ್ಪನವರದೂ ಸೇರಿ ಸಾವಿರದ ನಾಲ್ಕುನೂರು ನಮೂನೆಗಳು ಸಂಘದ ಕಪಾಟಿನಲ್ಲಿದ್ದವು. ಎರಡು ವರ್ಷ ಕುಳಿತು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು ಮೆಹನಾಜ. ನಾನು ಪಕ್ಕದ ಮೇಜಿನ ಗುಮಾಸ್ತ. ಊಟದ ಡಬ್ಬಿ ಮರೆತು ಕೂತಿರುತ್ತಿದ್ದ ಅವಳನ್ನು ಬೈದು ಎಬ್ಬಿಸುತ್ತಿದ್ದೆ.

ಕಪಾಟಿಗೆ ಗೆದ್ದಲು ಹತ್ತಿದಾಗ ವಿರೂಪಾಕ್ಷಪ್ಪನವರು ಕಾಗದಗಳನ್ನು ಬಿಸಿಲಿಗೆ ಹರಡಿ, ಒಂದೊಂದನ್ನೇ ಕೊಡವುತ್ತ ಕುಳಿತರು.

“ಇನ್ನ ಈ ಕಾಗದ ಯಾಕ ಕಾಕಾ? ಮೂರು ಕಡೆ ನಕಲು ಇಟ್ಟೀನಿ. ನೀವು ನಿಶ್ಚಿಂತಿ ಇರ್ರಿ,” ಎಂದಳು ಮೆಹನಾಜ.

“ನೀ ಹೇಳಿದ್ರ ಆತವ್ವಾ,” ಎಂದು ಅವರು ಎದ್ದುಬಿಟ್ಟರು. ಕಾಗದಗಳು ಒಲೆಗೆ ಹೋದವು.

ಮುಂಡರಗಿ, ಶಿರಹಟ್ಟಿ ಕಡೆಯ ನೇಕಾರರೂ ಮನೆಯಲ್ಲೇ ಕುಳಿತು ನಮೂನೆ ನೋಡಲಿ ಎಂದು ಕಮಿಟಿಯವರು ಹಟ ಹಿಡಿದು ಒಂದು ಅತಿಥಿ ಲಾಗಿನ್ ಮಾಡಿಸಿದರು. ಪಾಸ್‌ವರ್ಡ್ ಚೀಟಿಯನ್ನು ನೀರಿನ ಕೊಡದ ಮೇಲಿನ ಗೋಡೆಗೆ ಅಂಟಿಸಿದವನು ನಾನೇ. ಕೇಳಿದವರಿಗೆಲ್ಲ ವಾಟ್ಸಾಪಿನಲ್ಲೂ ಕಳಿಸಿದೆ. ಅತಿಥಿಗೆ ನೋಡುವ ಹಕ್ಕಷ್ಟೇ, ಅಳಿಸುವ ಹಕ್ಕಿಲ್ಲ. ಪಡಸಾಲೆಗೆ ಬಂದವರು ದೇವರಮನೆಗೆ ನುಗ್ಗುತ್ತಾರೆಯೇ ಎಂದು ನಾವೆಲ್ಲ ಆರಾಮವಾಗಿದ್ದೆವು.

ನುಗ್ಗುವ ದಾರಿ ಇತ್ತು. ನಕಲು ತೆಗೆಯುವ ಬ್ಯಾಕಪ್ ತಂತ್ರಾಂಶಕ್ಕೆ ಎಲ್ಲ ಕಡತಗಳನ್ನೂ ಮುಟ್ಟುವ ಅಧಿಕಾರ ಇರಲೇಬೇಕು. ಅದರಲ್ಲೇ ಒಂದು ದೋಷವಿತ್ತು. ಅತಿಥಿಯಾಗಿ ಒಳಬಂದವನು ಆ ಪೂರ್ತಿ ಅಧಿಕಾರವನ್ನು ತನ್ನದು ಮಾಡಿಕೊಂಡು ಯಜಮಾನನೇ ಆಗಿಬಿಡಬಹುದಿತ್ತು. ಸೋಮವಾರ ಬೆಳಿಗ್ಗೆ ಆ ತಂತ್ರಾಂಶದ ಕಂಪನಿಯವರಿಂದ ಸೂಚನೆ ಬಂತು: ಎಲ್ಲ ನಿಲ್ಲಿಸಿ, ತಕ್ಷಣ ಅಪ್‌ಡೇಟ್ ಮಾಡಿ.

ಆದರೆ ಮೆಹನಾಜ ಹಿಂದಿನ ದಿನವಷ್ಟೇ ಎಲ್ಲ ನಮೂನೆಗಳ ಹೊಸ ನಕಲು ಶುರು ಮಾಡಿದ್ದಳು. ಮುಗಿಯಲು ಆರು ದಿನ ಬೇಕು. ನಮ್ಮ ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ಹಾಸು, ಅಂದರೆ ಸೀರೆಯ ಉದ್ದನೆಯ ನೂಲು, ಹೂಡಿದ ಮೇಲೆ ಅದು ಮುಗಿಯುವ ತನಕ ಒಂದು ಮೊಳೆಯನ್ನೂ ಬದಲಿಸುವುದಿಲ್ಲ. ಶೇಖಸಾಬರ ಮಗಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

“ಹಾಸು ಮ್ಯಾಲ ಐತಿ ಅಣ್ಣಾರ, ನಡುವ ಕೈ ಹಚ್ಚಬಾರ್ದು. ಶನಿವಾರ ಮುಗಿಸಿ ಮಾಡ್ತೀನಿ,” ಎಂದಳು. ನಾನೂ ಖರೆ ಅಂದೆ.

ಗುರುವಾರ ಮಧ್ಯಾಹ್ನ ಅವಳು ಕಂಪ್ಯೂಟರ್ ತೆರೆದಳು. ನಮೂನೆಗಳಿರಲಿಲ್ಲ. ಯಾವನೋ ಅತಿಥಿಯ ಹೆಸರಿನಲ್ಲಿ ಬಂದು, ಯಜಮಾನನಾಗಿ ಎಲ್ಲ ಅಳಿಸಿ ಹೋಗಿದ್ದ. ಮೂರು ಕಡೆಯ ನಕಲಿನ ಕೀಲಿಯೂ ಅದೇ ತಂತ್ರಾಂಶದ ಕೈಯಲ್ಲಿತ್ತು, ಹಾಗಾಗಿ ಮೂರೂ ಹೋಗಿದ್ದವು. ಹಳೆಯ ಸೀರೆಗಳು ಎಂದೋ ಮಾರಿಹೋಗಿ, ಯಾರ ಮೈಮೇಲೋ ಹರಿದುಹೋಗಿದ್ದವು.

ಕಮಿಟಿಯವರು ಅವಳನ್ನು ನಿಲ್ಲಿಸಿ ಬಾಯಿಗೆ ಬಂದಂತೆ ಅಂದರು. ಅತಿಥಿ ಲಾಗಿನ್ ಬೇಕೇಬೇಕು ಅಂದ ಮಹಾಶಯರೇ ಎಲ್ಲರಿಗಿಂತ ಜೋರಾಗಿ ಕೂಗಿದರು. ಅವರನ್ನು ಈಗಲೂ ಕಂಡರೆ ನನ್ನ ಮೈ ಉರಿಯುತ್ತದೆ. ಆದರೆ ಚೀಟಿ ಅಂಟಿಸಿದ ನಾನೂ ಅಂದು ತುಟಿ ಬಿಚ್ಚಲಿಲ್ಲ. ಅವಳು ನನ್ನ ಹೆಸರು ಹೇಳಲೂ ಇಲ್ಲ.

ಮರುದಿನ ಅವಳು ಹೊಸ ಚೌಕಳಿ ಕಾಗದ ಕೊಂಡು ವಿರೂಪಾಕ್ಷಪ್ಪನವರ ಮನೆಗೆ ಹೋದಳು. ನಾನೂ ಬೆನ್ನು ಹತ್ತಿದೆ. ಎಲ್ಲ ಕೇಳಿಸಿಕೊಂಡ ಮೇಲೂ ಮುದುಕರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ಕಾಕಾ, ಅಪ್ಪಾರ ಹುಣಸಿಹೂವಿನ ದಡಿ ಒಂದರ ಬರದು ಕೊಡ್ರಿ. ಅದೊಂದು ಉಳೀಲಿ.”

ಅವರು ಚಾಳೀಸು ಮೂಗಿಗೇರಿಸಿಕೊಂಡು ಪೆನ್ಸಿಲ್ ಹಿಡಿದರು. ನಾಲ್ಕು ಸಾಲು ಸರಾಗವಾಗಿ ತುಂಬಿದವು. ಮೆಹನಾಜ ಬಗ್ಗಿ ನೋಡುತ್ತಿದ್ದಳು. ಐದನೆಯ ಸಾಲಿನ ನಡುವೆ ಕೈ ನಿಂತಿತು. ಒಂದು ಮನೆ ತುಂಬಿದರು, ಅಳಿಸಿದರು, ಮತ್ತೆ ತುಂಬಿ ಮತ್ತೆ ಅಳಿಸಿದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಅವಳ ಮುಖ ನೋಡಿದರು.

“ಮುಂದ ನೆನಪಾಗವಲ್ದವ್ವಾ. ಮೊದಲೆಲ್ಲಾ ದಿನಾ ಒಮ್ಮೆ ಮನಸಿನ್ಯಾಗ ತಿರುವಿ ಹಾಕತಿದ್ದೆ. ನೀ ನಕಲು ಇಟ್ಟೀನಿ ಅಂದಿ ನೋಡು, ಆವತ್ತಿಂದ ಬಿಟ್ಟಬಿಟ್ಟೆ.”