ಹಾಲಿನ ಕ್ಯಾನು ಇಲ್ಲದೆ ಓಡಿದ ದಿನ

ಹರಪನಹಳ್ಳಿಯಲ್ಲಿ ನನ್ನದು ಮೆಕ್ಕೆಜೋಳದ ವ್ಯಾಪಾರ, ಮನೆ ತುಂಬ ಮಂದಿ. ಸಕ್ಕರೆ ಕಾಯಿಲೆಗೆ ದಿನಾ ಓಡಬೇಕೆಂದರು ಡಾಕ್ಟರು. ಬೆಳಗಿನ ಕೆಲಸದ ಹೊತ್ತಲ್ಲಿ ಒಂದು ಗಂಟೆ ಬಿಡುವಿಗಾಗಿ ಹೆಂಡತಿಯೊಂದಿಗೆ ಚೌಕಾಸಿಗೆ ಕೂತೆ. "ಓಡ್ರಿ, ಬರೂವಾಗ ಹಾಲು ತರ್ರಿ" ಎಂದು ಕ್ಯಾನು ಕೈಗಿಟ್ಟಳು. ನೀವೂ ಹೀಗೇ ಮನೆಯ ಒಂದು ಕೆಲಸಕ್ಕೆ ಓಟವನ್ನು ಗಂಟು ಹಾಕಿರಿ, ಯಾರೂ ತಡೆಯುವುದಿಲ್ಲ.

ನಮ್ಮೂರಲ್ಲಿ ದೊಡ್ಡವರು ಓಡಿದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಮೊದಮೊದಲು ಎಲ್ಲರೂ ಅಡ್ಡಗಟ್ಟಿ, "ಯಾರಿಗೇನಾತ್ರಿ?" ಎನ್ನುತ್ತಿದ್ದರು. "ಏನಿಲ್ರಿ, ಸಕ್ರಿ ಇಳಸಾಕ!" ಎಂದು ನಕ್ಕು ನಕ್ಕೇ ಅವರು ಹಾಗೆ ಕೇಳುವುದನ್ನೇ ಬಿಡಿಸಿದೆ.

ಕೆಲವು ವರ್ಷ ಕಳೆದು ಒಂದು ಬೆಳಿಗ್ಗೆ ಹೆಂಡತಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಳು. ಮನೆಗೆ ಇದ್ದ ಒಂದೇ ಫೋನು ಕೆಟ್ಟಿತ್ತು. ಅವಳನ್ನು ಮನೆಮಂದಿಯ ಕೈಗೆ ಬಿಟ್ಟು, ಆಟೋ ತರಲು ಬಸ್ ಸ್ಟ್ಯಾಂಡಿನ ಕಡೆ ಓಡಿದೆ. ಬೈಕಿನವರು, ಜೀಪಿನವರು, ಎಲ್ಲರೂ ಗುರುತಿನವರೇ. ನಾನು ಕೈ ಎತ್ತಿ ಕರೆದರೆ ಅವರೂ ಕೈ ಬೀಸಿ ಮುಂದೆ ಹೋದರು. ಚಹಾದಂಗಡಿಯವನು ಕೂಗಿದ: "ಸಾವ್ಕಾರ್ರ, ಇವತ್ತ ಕ್ಯಾನ್ ಮರ್ತೀರಲ್ರೀ! ಅಮ್ಮಾರು ಒಳಗ ಬಿಟ್ಕೊಳ್ಳಲ್ಲ ನೋಡ್ರಿ!"

ಆಟೋ ಮನೆ ಮುಟ್ಟುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು.

ಓಡಿರಿ, ಬೇಡ ಎನ್ನುವುದಿಲ್ಲ. ಆದರೆ ದಿನಾ ಓಡುವವರೇ ಎದುರು ಬಂದರೂ ಒಮ್ಮೆ ಕೇಳಿಬಿಡಿ: ಯಾರಿಗೇನಾತ್ರಿ?