ಎಡಗಡೆಯ ಗಂಟು

ಮರಿಸ್ವಾಮಿಯಂಥ ಇನ್ನೊಬ್ಬ ಹಟಮಾರಿಯನ್ನು ನಾನು ಕಂಡಿಲ್ಲ. ಕನಕಪುರದ ಕಡೆಯಿಂದ ಹೊಸೂರಿಗೆ ಬಂದು, ಲಾರಿಯ ಬಿಡಿಭಾಗ ಮಾಡುವ ಕಾರ್ಖಾನೆಗೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ಇದ್ದ. ನಾನು ಲಕ್ಷ್ಮಣಪ್ಪ, ಅವನ ಪಕ್ಕದ ಟೇಬಲ್ಲಿನವನು. ಮತ್ತಿಗಿರಿಯಲ್ಲಿ ಅವನ ಎದುರು ಮನೆಯವನೂ ಹೌದು. ಪೆಟ್ಟಿಗೆಯಿಂದ ಒಂದು ಪೀಸ್ ಎತ್ತಿ ಅಳೆದು, ಸರಿಯಿದ್ದರೆ ಇಡೀ ಪೆಟ್ಟಿಗೆಗೆ ಹಸಿರು ಚೀಟಿ ಅಂಟಿಸುವುದು ನಮ್ಮ ಕೆಲಸ. ನಮಗೆ ಅನ್ನ ಕೊಟ್ಟ ಆ ಪದ್ಧತಿಯೇ ಅವನ ತಲೆ ಕೆಡಿಸಿತು.

ಹೋದ ವರ್ಷ ಕೆಮ್ಮಿದರೆ ರಕ್ತ ಬರತೊಡಗಿತು. ಅವನು ಸೇದಿದ ಬೀಡಿಗೆ ಲೆಕ್ಕವಿಲ್ಲ, ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಸ್ಕ್ಯಾನ್ ಮಾಡಿದಾಗ ಬಲ ಶ್ವಾಸಕೋಶದಲ್ಲಿ ದೊಡ್ಡ ಗಂಟು, ಎಡದಲ್ಲಿ ಚಿಕ್ಕದೊಂದು ಕಂಡವು. ಬಲಗಡೆ ಸೂಜಿ ಹಾಕಿ ಪರೀಕ್ಷೆಗೆ ಚೂರು ತೆಗೆದರು. ಚುಚ್ಚಿದ ಕಡೆ ಗಾಳಿ ಸೋರಿ, ಎದೆಗೆ ನಳಿಕೆ ಹಾಕಬೇಕಾಯಿತು. ಅದನ್ನು ನೋಡಿ ಅವನ ಹೆಂಡತಿ ಸಾಕಮ್ಮ ಅರ್ಧ ಜೀವವಾದಳು. ಕ್ಯಾನ್ಸರ್ ಎಂದು ರಿಪೋರ್ಟ್ ಬಂತು.

"ಎಡಗಡೆಯದು ನೋಡೋಕೆ ಬೇರೆ ಥರ ಇದೆ. ಇದೇ ರೋಗ ಹರಡಿದ್ದೋ, ಬೇರೆ ಕ್ಯಾನ್ಸರ್ರೋ ಗೊತ್ತಾಗಬೇಕು. ಅದರಿಂದಲೂ ಚೂರು ತೆಗೀಬೇಕು," ಎಂದು ಡಾಕ್ಟರ್ ನಂದಿತಾ ತಮಿಳಿನಲ್ಲಿ ಹೇಳಿದರು. ಬೇರೆಯಾದರೆ ಚಿಕಿತ್ಸೆಯೂ ಬೇರೆ.

"ಬ್ಯಾಡ ತಾಯಿ," ಎಂದು ಸಾಕಮ್ಮ ಕೈಮುಗಿದಳು. "ಒಂದ್ಸಲ ಚುಚ್ಚಿದ್ದಕ್ಕೇ ಉಸ್ರು ಹೋಗಿ ಬಂತು. ಇನ್ನೊಂದ್ಸಲ ಚುಚ್ಚಕ್ಕೆ ನಾನು ಬಿಡಾಕಿಲ್ಲ."

ಮರಿಸ್ವಾಮಿ ಅವಳ ಪರ ನಿಂತ. "ಒಂದೇ ಮೈಯಾಗೆ ಎರಡು ಥರ ಕ್ಯಾನ್ಸರ್ ಎಲ್ಲಾದ್ರೂ ಉಂಟಾ ಮೇಡಂ? ಒಂದು ಪೀಸ್ ನೋಡಾಯ್ತಲ್ಲ."

ಅಪರೂಪ, ಆದರೆ ಉಂಟು ಎಂದು ಅವರು ಎಷ್ಟು ಹೇಳಿದರೂ ಇವನು ಕೇಳಲಿಲ್ಲ. ಜೊತೆಗೆ ಹೋಗಿದ್ದ ನನಗೆ ಹೊರಗೆ ಬಂದ ಮೇಲೆ ರೇಗಿಹೋಯಿತು. "ನಿನ್ನ ಎದೆ ಏನು ಬೋಲ್ಟ್ ಪೆಟ್ಟಿಗೆಯೇನ್ಲಾ? ಚುಚ್ಚಿಸ್ಕೋ!" ಎಂದೆ.

"ಮೆಲ್ಲಗೆ ಮಾತಾಡ್ಲಾ. ಅವ್ಳು ಅಳ್ತಾವ್ಳೆ, ಕಾಣಾಕಿಲ್ವಾ?" ಎಂದ.

ಕೀಮೋ ಶುರುವಾಯಿತು. ಕೂದಲು ಹೋಯಿತು, ಊಟ ಸೇರಲಿಲ್ಲ. ಬಲಗಡೆಯ ಗಂಟು ಅರ್ಧಕ್ಕೆ ಇಳಿದಾಗ ಸಾಕಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಎಡಗಡೆಯದು ಬೆಳೆಯುತ್ತಲೇ ಇತ್ತು. ಕೊನೆಗೆ ಅದನ್ನೂ ಚುಚ್ಚಿದರು. "ರೆಂಡುಮ್ ವೇರೆ ವೇರೆ," ಎಂದರು ಡಾಕ್ಟರ್. ಎರಡೂ ಬೇರೆ ಬೇರೆ ಕ್ಯಾನ್ಸರ್. ಇಷ್ಟು ದಿನ ಕೊಟ್ಟ ಔಷಧಿ ಎಡಗಡೆಯದಕ್ಕೆ ನಾಟಿರಲೇ ಇಲ್ಲ. ಅದು ಆಗಲೇ ಲಿವರಿಗೂ ಬೆನ್ನುಮೂಳೆಗೂ ಇಳಿದಿತ್ತು.

ಮರಿಸ್ವಾಮಿ ಸೋಡಾ ತರಲು ಸಾಕಮ್ಮನನ್ನು ಕಳಿಸಿ, ಬಾಗಿಲು ಮುಚ್ಚಿದ ಮೇಲೆ ಕೇಳಿದ: "ಅವತ್ತೇ ಚುಚ್ಚಿಸಿದ್ದಿದ್ರೆ?"

ಡಾಕ್ಟರ್ ಸುಳ್ಳು ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹೇಳಲಿಲ್ಲ. ಆಗ ಅದು ಚಿಕ್ಕದಿತ್ತು, ಒಂದೇ ಕಡೆ ಇತ್ತು, ತೆಗೆಯಲು ದಾರಿಯಿತ್ತು ಎಂದರು.

ಸಾಕಮ್ಮ ಸೋಡಾ ಹಿಡಿದು ಬಂದವಳೇ, "ನಾನು ಬ್ಯಾಡ ಅಂದಿದ್ದಕ್ಕೇ ಹಿಂಗಾಯ್ತಾ?" ಎಂದಳು.

"ಥೂ, ನಿನ್ನ! ಅವತ್ತು ಚುಚ್ಚಿಸಿದ್ರೂ ಇಷ್ಟೇ ಅಂತೆ," ಎಂದ ಅವನು.

ಅವಳು ನಂಬದೆ ನನ್ನ ಮುಖ ನೋಡಿದಳು. ಹೌದು ಕಣಮ್ಮ, ನಾನೂ ಕೇಳಿಸಿಕೊಂಡೆ ಎಂದೆ. ಸಾಕಮ್ಮ ಅಲ್ಲೇ ನೆಲದ ಮೇಲೆ ಕೂತು, "ಸದ್ಯ, ಸದ್ಯ" ಎನ್ನುತ್ತ ಜೋರಾಗಿ ಅತ್ತಳು. ಮರಿಸ್ವಾಮಿ ಅವಳ ಬೆನ್ನು ಸವರಿದ. ಆ ತಿಂಗಳೇ ಹೋಗ್ಬುಟ್ಟ.

ಮೊನ್ನೆ ಸಂಜೆ ನಾನು ಹೋದಾಗ ಪಕ್ಕದ ಮನೆಯ ಉಷಾರಾಣಿ ಸಾಕಮ್ಮನ ಜಗಲಿಯಲ್ಲಿ ಕೂತಿದ್ದಳು. ಎದೆಯಲ್ಲಿ ಗಂಟು ಸಿಕ್ಕಿದೆ, ಸೂಜಿ ಪರೀಕ್ಷೆ ಮಾಡಿಸಬೇಕಂತೆ, ಭಯ ಎನ್ನುತ್ತಿದ್ದಳು.

"ಚುಚ್ಚಿಸ್ಕೋಬ್ಯಾಡ ಕಣೇ," ಎಂದಳು ಸಾಕಮ್ಮ. "ಚುಚ್ಚಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಮ್ಮನೆಯವ್ರ ಡಾಕ್ಟ್ರೇ ಹೇಳವ್ರೆ. ಕೇಳು ಬೇಕಾದ್ರೆ, ಅಣ್ಣನೂ ಅಲ್ಲೇ ಇದ್ರು."

ಇಬ್ಬರೂ ನನ್ನ ಕಡೆ ತಿರುಗಿದರು.

"ನಾಳೇನೇ ಹೋಗಿ ಚುಚ್ಚಿಸ್ಕೋ ಉಷಾ," ಎಂದೆ. "ಡಾಕ್ಟ್ರು ಹಂಗೆ ಹೇಳ್ಲಿಲ್ಲ."

ಸಾಕಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.